ಮುಖ ತಿರುಗಿಸಿ ನಿಂತವನು

'ಪರ್ಮಿಷನ್ ಡಿನೈಡ್.'

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಯಶಸ್ವಿನಿ ಹಲ್ಲು ಕಚ್ಚಿ ಮತ್ತೊಮ್ಮೆ ಟೈಪ್ ಮಾಡಿದಳು. ಮತ್ತೆ ಅದೇ ಉತ್ತರ!

ಪರ್ಮಿಷನ್ ಇಲ್ಲವಂತೆ... ಯಾರಿಗೆ? ನನಗಾ? ನಾನೇ ಕಟ್ಟಿದ ಮನೆಯೊಳಗೆ ಹೋಗೋಕೆ ನನಗೇ ಪರ್ಮಿಷನ್ ಇಲ್ಲವಾ?

ಅಂದು ಸೋಮವಾರ. ಗುಬ್ಬಿಯಿಂದ ಶಿರಾ ಗೇಟ್‌ವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಟೈರ್ ಅಂಗಡಿಯ ಮೇಲಿನ ಆ ಪುಟ್ಟ ಆಫೀಸಿನ ಮೆಟ್ಟಿಲು ಹತ್ತಿ ಕುಳಿತು, ಬೆವರು ಒರೆಸಿಕೊಳ್ಳುವುದರೊಳಗೆ ಈ ಮಂಗಳಾರತಿ.

"ಮುತ್ತಣ್ಣಾ! ಸರ್ವರ್‌ಗೆ ಏನ್ ಬಂದಿದೆ ರೋಗ? ನನ್ನ ಒಳಕ್ಕೇ ಬಿಡ್ತಿಲ್ಲ!"

ಉತ್ತರ ಬಂದದ್ದು ಆಫೀಸಿನ ಮಾಲೀಕ ಮುತ್ತುರಾಜ್‌ನಿಂದಲ್ಲ. ಇಷ್ಟು ದಿನ ಖಾಲಿ ಬಿದ್ದಿದ್ದ ಕಿಟಕಿ ಪಕ್ಕದ ಮೇಜಿನಿಂದ.

"ಸರ್ವರ್ ಗಟ್ಟಿಮುಟ್ಟಾಗಿದೆ ರೀ. ನಿಮ್ಮನ್ನ ಆಚೆ ಹಾಕಿರೋನು ನಾನು."

ಯಶಸ್ವಿನಿ ಕುರ್ಚಿ ಸಮೇತ ತಿರುಗಿದಳು. ತೋಳು ಮಡಚಿದ ಚೌಕಳಿ ಅಂಗಿ, ಕಡಲೆಬೀಜ ಸುಲಿಯುತ್ತಿದ್ದ ಕೈ, ಪರದೆಯಿಂದ ಕದಲದ ಕಣ್ಣು. ಆಚೆ ಹಾಕಿದ್ದೇನೆ ಎಂದು ಹೇಳುವಾಗಲೂ ಅವನ ದನಿಯಲ್ಲಿ ಒಂದಿಷ್ಟು ಅಳುಕಿಲ್ಲ!

"ನೀವ್ಯಾರ್ರೀ ನನ್ನ ಆಚೆ ಹಾಕೋಕೆ?"

"ಅಂಜನ್‌ಕುಮಾರ್. ಕುಣಿಗಲ್. ನಿನ್ನೆಯಿಂದ ಸರ್ವರ್ ನೋಡ್ಕೊಳೋ ಕೆಲಸ ನಂದು."

"ನೋಡ್ಕೊಳಿ, ಯಾರ್ ಬೇಡ ಅಂದ್ರು? ಅದಕ್ಕೆ ನನ್ನ ಯಾಕ್ ತೆಗೆದ್ರಿ?"

"ನಿಮ್ಮೊಬ್ರನ್ನೇ ಅಲ್ಲ. ನಿನ್ನೇನೇ ಎಲ್ಲಾರ್ನೂ ತೆಗ್ದಿದೀನಿ. ಸರ್‌ನೂ ಸೇರಿಸಿ."

ಅಷ್ಟರಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಬಂದ ಮುತ್ತುರಾಜ್ ನಕ್ಕುಬಿಟ್ಟ. "ಹೂಂ ಕಣಮ್ಮಾ, ನನ್ ಸರ್ವರ್‌ಗೆ ನನಗೇ ಎಂಟ್ರಿ ಇಲ್ಲ. ಸಂಬಳ ಕೊಟ್ಟು ಆಚೆ ಹಾಕುಸ್ಕೊಂಡಿದೀನಿ, ನೋಡು ನನ್ ಹಣೇಬರಹ!"

ಯಶಸ್ವಿನಿಗೆ ನಗು ಬರಲಿಲ್ಲ. ಯಾಕೆಂದರೆ ಆ ಸರ್ವರ್‌ನಲ್ಲಿ ಇದ್ದದ್ದು ಅವಳ 'ಬಂತಾ?' ಆ್ಯಪ್.

ಅವಳ ಅಪ್ಪ ದ್ಯಾವಪ್ಪ ಗುಬ್ಬಿಯಲ್ಲಿ ಶಾಲಾ ಬಸ್ಸಿನ ಡ್ರೈವರ್. ಒಂದು ಮಧ್ಯಾಹ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಸ್ಟಾಪ್‌ಗಳಲ್ಲಿ ಅಮ್ಮಂದಿರು ಉರಿಬಿಸಿಲಲ್ಲಿ ಕಾದು ಕಾದು, ಕೆಟ್ಟದ್ದನ್ನೆಲ್ಲ ನೆನೆದು, ಕೊನೆಗೆ ದ್ಯಾವಪ್ಪನ ಮೇಲೆ ಬೆಂಕಿ ಕಾರಿದ್ದರು. ಆವತ್ತು ಅಪ್ಪ ತಲೆ ತಗ್ಗಿಸಿ ಮನೆಗೆ ಬಂದದ್ದನ್ನು ನೋಡಿದ ಮಗಳು, ಬಿಸಿಎ ಮುಗಿಸಿದ ಕೈಯಲ್ಲೇ ಈ ಆ್ಯಪ್ ಬರೆದಳು. ಈಗ ಗುಬ್ಬಿ, ಕುಣಿಗಲ್, ಊರ್ಡಿಗೆರೆಯ ಅಮ್ಮಂದಿರು ಕುಕ್ಕರ್ ಕೂಗುತ್ತಿರುವಾಗಲೇ ಫೋನ್ ನೋಡುತ್ತಾರೆ. ಪುಟ್ಟ ಹಳದಿ ಚುಕ್ಕೆ ರಸ್ತೆಯಲ್ಲಿ ಹರಿದಾಡುತ್ತಿದ್ದರೆ, ಅಬ್ಬಾ... ಬರ್ತಿದೆ ಬಸ್ಸು!

ಅದೆಲ್ಲ ನಡೆಯುತ್ತಿದ್ದದ್ದು ದೂರದಲ್ಲೆಲ್ಲೋ ಇರುವ ಒಂದು ಕ್ಲೌಡ್ ಸರ್ವರ್‌ನಲ್ಲಿ. ಅದರೊಳಗೆ ಹೋಗಲು ಒಂದೇ ಒಂದು ಕೀ. ಲೋಹದ್ದಲ್ಲ, ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವ ಫೈಲು. ಮುತ್ತುರಾಜ್‌ಗೆ ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲೇ ಆಗಬೇಕು. ಹೊಸಬರು ಕೆಲಸಕ್ಕೆ ಸೇರಿದರೆ ಗ್ರೂಪಿಗೆ ಹಾಕಿ, "ಕೀ ಮೇಲ್ಗಡೆ ಇದೆ ನೋಡ್ಕೊಳಪ್ಪಾ" ಎಂದುಬಿಡುತ್ತಿದ್ದ.

"ಆ ಗ್ರೂಪಲ್ಲಿ ಕೆಲಸ ಬಿಟ್ಟು ಹೋದೋರೆಲ್ಲಾ ಇನ್ನೂ ಇದಾರೆ ಕಣ್ರೀ" ಎಂದ ಅಂಜನ್, ಈಗ ಅವಳನ್ನೇ ನೇರ ನೋಡುತ್ತ. "ಎಲ್ಲರ ಫೋನಲ್ಲೂ ಆ ಕೀ ಇದೆ. ಯಾವ ಮಗು ಯಾವ ಸ್ಟಾಪಲ್ಲಿ, ಎಷ್ಟೊತ್ತಿಗೆ ಒಂಟಿಯಾಗಿ ಇಳಿಯುತ್ತೆ ಅನ್ನೋದೆಲ್ಲ ಆ ಸರ್ವರಲ್ಲಿದೆ. ಯಾರ್ ಬೇಕಾದ್ರೂ ಒಳಗೆ ಹೋಗಿ ನೋಡ್ಬೋದು. ಭಯ ಆಗಲ್ವಾ ನಿಮಗೆ?"

ಯಶಸ್ವಿನಿಗೆ ಅಪ್ಪನ ಬಸ್ಸಿನ ಮಕ್ಕಳು ನೆನಪಾದರು. ಹೌದಲ್ಲ... ಆದರೆ ಸೋಲೊಪ್ಪುವುದುಂಟೇ!

"ಅದನ್ನ ಹೇಳಿ ಆಮೇಲೆ ತೆಗೀಬೇಕಿತ್ತು. ಕಳ್ಳರ ಥರ ಭಾನುವಾರ ತೆಗೆದಿದೀರಲ್ಲ!"

"ಅದು ನನ್ ತಪ್ಪೇ" ಎಂದ ಅವನು ತಕ್ಷಣ. "ಹೇಳ್ಬೇಕಿತ್ತು. ಸಾರಿ."

ಯಶಸ್ವಿನಿ ಜಗಳಕ್ಕೆ ಸೊಂಟ ಕಟ್ಟಿದ್ದಳು. ತಪ್ಪು ಎಂದು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸು ಅವಳಿಗೆ ಹೊಸಬ.

"ಇನ್ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೀ. ನಿಮ್ಮದು ನೀವೇ ಮಾಡ್ಕೊಳಿ. ಮಾಡ್ದಾಗ ಎರಡು ಫೈಲ್ ಬರುತ್ತೆ. ಒಂದು ಬೀಗ ಇದ್ದಂಗೆ, ಇನ್ನೊಂದು ಅದನ್ನ ತೆಗೆಯೋ ಕೀ. ಬೀಗ ನನಗೆ ಕೊಡಿ, ಸರ್ವರ್ ಬಾಗಿಲಿಗೆ ಹಾಕ್ತೀನಿ. ಕೀ ಮಾತ್ರ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಆಚೆ ಬರ್ಬಾರ್ದು."

"ಗೊತ್ತು ನನಗೆ! ಪಾಠ ಬೇಡ."

ಟಕಟಕನೆ ಕಮಾಂಡ್ ಹೊಡೆದಳು. ಎರಡು ಫೈಲು ಬಂದವು. ಗರ್ವದಿಂದ ಒಂದನ್ನು ಅವನ ವಾಟ್ಸಾಪ್‌ಗೆ ಕಳಿಸಿದಳು. "ತಗೊಳಿ ನಿಮ್ಮ ಬೀಗ!"

ಅಂಜನ್ ಫೋನ್ ನೋಡಿದ. ಮುಖದಲ್ಲಿ ನಗು ಉಕ್ಕಿ ಬಂತು, ನುಂಗಿಕೊಂಡ.

"ಫೈಲ್ ಹೆಸರಿನ ಕೊನೇಲಿ 'ಪಬ್' ಅಂತ ಇರೋದೇ ಬೀಗ, ಅದನ್ನ ಕಳಿಸ್ಬೇಕಿತ್ತು. ನೀವು ಕೀನೇ ಕಳಿಸ್ಬಿಟ್ಟಿದೀರ."

ಯಶಸ್ವಿನಿಯ ಕಿವಿ ಬಿಸಿಯಾಯಿತು. ಮುತ್ತುರಾಜ್ ಕಾಫಿಯ ನೆಪದಲ್ಲಿ ಅತ್ತ ಸರಿದ.

"ಡಿಲೀಟ್ ಮಾಡ್ದೆ. ಬೇರೆ ಮಾಡಿ."

"ಡಿಲೀಟ್ ಮಾಡಿದ್ರಲ್ಲ, ಮತ್ತೆ ಬೇರೆ ಯಾಕೆ? ನಾನೇನು ನಿಮ್ಮನ್ನ ಕಳ್ಳ ಅಂದ್ನಾ?"

"ನಾನು ಒಳ್ಳೆಯೋನೋ ಕಳ್ಳನೋ ಅನ್ನೋದಲ್ಲ ರೀ. ಇನ್ನೊಬ್ಬರ ಕೈಗೆ ಹೋಗಿ ಬಂದ ಮೇಲೆ ಅದು ನಿಮ್ಮೊಬ್ರದೇ ಅಲ್ಲ. ನನ್ನ ಕೈಗೇ ಬಂದ್ರೂ ಅಷ್ಟೇ."

ಅವಳು ಎರಡನೇ ಸಲ ಮಾಡಿದಳು. ಮೊದಲ ಸಲ ಅವಸರದಲ್ಲಿ ದಾಟಿಸಿಬಿಟ್ಟಿದ್ದ ಪಾಸ್‌ಫ್ರೇಸನ್ನು ಪರದೆ ಮತ್ತೆ ಕೇಳಿತು. ಕೀ ಕಳುವಾದರೂ ಕಳ್ಳನಿಗೆ ದಕ್ಕದಂತೆ ಮಾಡುವ ಗುಟ್ಟಿನ ಮಾತು ಅದು.

"ಏನಾದ್ರೂ ಉದ್ದದ್ದು ಹಾಕಿ. ಸರ್‌ಗೂ ಹೇಳ್ಬೇಡಿ, ನನಗೂ ಹೇಳ್ಬೇಡಿ."

ಹೀಗೆಂದವನೇ ಎದ್ದು ಕಿಟಕಿಯ ಹತ್ತಿರ ಹೋಗಿ, ಅವಳಿಗೆ ಬೆನ್ನು ಹಾಕಿ, ಮುಖ ತಿರುಗಿಸಿ ನಿಂತ. ಕೆಳಗೆ ಶಿರಾ ಗೇಟ್‌ನ ಲಾರಿಗಳು, ಆಟೋಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಅವನು ಜನ್ಮದಲ್ಲಿ ಲಾರಿಯನ್ನೇ ನೋಡಿಲ್ಲವೇನೋ ಎಂಬಂತೆ ನೋಡುತ್ತ ನಿಂತೇ ಇದ್ದ.

ಯಶಸ್ವಿನಿಯ ಬೆರಳು ಕೀಬೋರ್ಡ್ ಮೇಲೆ ನಿಂತಿತು.

ಅವಳ ಫೋನಿನ ಲಾಕ್ ನಂಬರ್ ಮನೆಗೆಲ್ಲ ಗೊತ್ತು, ಅದು ಅಪ್ಪನ ಬಸ್ಸಿನ ನಂಬರು. ಅವಳ ಬೀರುವಿನ ಕೀ ಅಮ್ಮನ ಸೆರಗಿನಲ್ಲಿ. ಅವಳ ಮದುವೆ ಯಾವಾಗ ಎಂಬ ಲೆಕ್ಕ ಬೀದಿಯವರ ಬಾಯಲ್ಲಿ. ಅವಳದೇ ಆದ, ಅವಳಿಗೆ ಮಾತ್ರ ಗೊತ್ತಿರುವ ಒಂದು ಮಾತು ಇರಲಿ ಎಂದು ಬೆನ್ನು ತಿರುಗಿಸಿ ನಿಂತ ಮನುಷ್ಯ... ಇವನೇ ಮೊದಲು!

ಅವಳು ಏನು ಟೈಪ್ ಮಾಡಿದಳೋ, ಈ ಕಥೆ ಹೇಳುವವರಿಗೂ ಗೊತ್ತಿಲ್ಲ.

"ಆಯ್ತು, ತಿರುಗಿ!" ಎಂದಳು ಗಡುಸಾಗಿ. ಎದೆ ಮಾತ್ರ ಗಡುಸಾಗಿರಲಿಲ್ಲ.

ಆಮೇಲಿನ ದಿನಗಳಲ್ಲಿ ಜಗಳವೇನೂ ನಿಲ್ಲಲಿಲ್ಲ. "ಏನ್ರೀ, ಸತ್ತೋಯ್ತಾ ಸರ್ವರು?" ಎನ್ನುವುದೇ ಅವಳ ಬೆಳಗಿನ ಮೆಸೇಜು. "ಇಲ್ಲ, ನಿಮ್ಮ ಬೈಗುಳ ಕೇಳ್ದೆ ಎದ್ದಿಲ್ಲ" ಎಂದು ಅವನ ಉತ್ತರ. ಕುಣಿಗಲ್‌ನಿಂದ ಅವನು ತರುತ್ತಿದ್ದ ಡಬ್ಬಿಯಲ್ಲಿ ಹುರುಳಿಕಾಳಿನ ಬಸ್ಸಾರು. ಅರ್ಧ ಅವಳ ತಟ್ಟೆಗೆ. "ನಮ್ಮಮ್ಮ ಕೇಳ್ತಾವ್ರೆ, ಇತ್ತೀಚೆಗೆ ಏನ್ಲಾ ಇಷ್ಟ್ ತಿಂತೀಯ ಅಂತ" ಎಂದು ಅವನು ರೇಗಿಸಿದರೆ, "ನಿಮಗೆ ಹೊಟ್ಟೆನೋವು ಬರ್ಬಾರ್ದು ಅಂತ ಸಹಾಯ ಮಾಡ್ತಿದೀನಿ" ಎನ್ನುವಳು.

ಒಂದು ಸಂಜೆ, ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅವಳೇ ಹೇಳಿದಳು.

"ಮನೇಲಿ ಗಂಡು ನೋಡಿದಾರೆ. ಲಕ್ಷ್ಮೀಕಾಂತ್ ಅಂತ. ಸದಾಶಿವನಗರದಲ್ಲಿ ಸ್ವಂತ ಮನೆಯಂತೆ, ಒಳ್ಳೆ ಕೆಲಸವಂತೆ. ಮುಂದಿನ ಗುರುವಾರ ನಿಶ್ಚಿತಾರ್ಥವಂತೆ, ತಟ್ಟೆ ಬದಲಾಯಿಸ್ತಾರಂತೆ."

'ಬೇಡ ಅನ್ನು... ಒಂದೇ ಒಂದು ಸಲ ಬೇಡ ಅನ್ನು!' ಎಂದು ಅವಳ ಮನಸ್ಸು ಕೂಗುತ್ತಿತ್ತು.

ಅಂಜನ್ ಬಸ್ಸು ಬರುವ ದಾರಿ ನೋಡಿದ. ಆಮೇಲೆ ಮೆಲ್ಲನೆ ಕೇಳಿದ. "ಎಲ್ಲಾ 'ಅಂತೆ' ಅಂದ್ರಿ. ನಿಮ್ಮ ಇಷ್ಟ ಏನು?"

ಅಷ್ಟೇನಾ? ಇವನಿಗೆ ಏನೂ ಅನ್ನಿಸಲಿಲ್ಲವಾ? ಅವಳ ಕಣ್ಣು ತುಂಬಿತು. ತುಂಬಿದ್ದು ಕಾಣಬಾರದೆಂದು, ಬಂದ ಬಸ್ಸಿಗೆ ನುಗ್ಗಿ ಹತ್ತಿಬಿಟ್ಟಳು.

ಭಾನುವಾರ ಲಕ್ಷ್ಮೀಕಾಂತ್ ಮಾತುಕತೆಗೆಂದು ಗುಬ್ಬಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಉಪ್ಪಿಟ್ಟು ಕಾಫಿ ಮುಗಿಸಿ, ನಗುತ್ತಲೇ ಕೈಚಾಚಿದ.

"ಎಲ್ಲಿ, ನಿಮ್ಮ ಫೋನ್ ಕೊಡಿ. ಸುಮ್ನೆ ನೋಡ್ತೀನಿ. ಆಗೋ ಗಂಡ ಹೆಂಡ್ತಿ ಮಧ್ಯೆ ಮುಚ್ಚುಮರೆ ಯಾಕೆ?"

"ಯಾಕ್ ನೋಡ್ಬೇಕು?" ಎಂದಳು ಯಶಸ್ವಿನಿ.

"ಏನೇ ಇದು!" ಅಮ್ಮ ಪುಟ್ಟತಾಯಮ್ಮ ಅವಳ ಕೈಯಿಂದ ಫೋನ್ ಕಿತ್ತು ಕೊಟ್ಟೇಬಿಟ್ಟಳು. "ತಗೊಳಪ್ಪಾ. ನಮ್ ಹುಡುಗಿದು ಕದ್ದುಮುಚ್ಚೋದು ಏನೂ ಇಲ್ಲ. ಲಾಕ್ ನಂಬರ್ರು ಅವ್ರಪ್ಪನ್ ಬಸ್ಸಿಂದೇ, ಬಾಗ್ಲಲ್ಲೇ ನಿಂತೈತಲ್ಲ."

ಫೋನ್ ಹಿಡಿದು ಅಂಗಳಕ್ಕೆ ಹೋದವನು ಬಹಳ ಹೊತ್ತಾದ ಮೇಲೆ ಒಳಗೆ ಬಂದ. ಮುಖದಲ್ಲಿ ಅದೇ ನಗು. "ನಿಮ್ಮ ಲ್ಯಾಪ್‌ಟಾಪೂ ಕೊಡಿ, ನಾನೇ ಆಫೀಸ್‌ಗೆ ವಾಪಸ್ ಕೊಟ್ಬಿಡ್ತೀನಿ. ನಮ್ಮನೆಗೆ ಬಂದ್ಮೇಲೆ ಕೆಲಸ ಎಲ್ಲ ಬೇಡ."

"ಅದು ಆಫೀಸ್‌ದು. ನಾನೇ ತಗೊಂಡು ಹೋಗ್ತೀನಿ" ಎಂದು ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಅಮ್ಮ ಕಣ್ಣಲ್ಲೇ ಸುಟ್ಟಳು. ಅವಳು ಬಿಡಲಿಲ್ಲ.

ಸೋಮವಾರ ಬೆಳಗ್ಗೆ, ಅಮ್ಮನ ಬೈಗುಳದ ನಡುವೆಯೇ ಬಸ್ಸು ಹತ್ತಿ ಬಂದು ಕುಳಿತು, ಲ್ಯಾಪ್‌ಟಾಪ್ ತೆರೆದಳು.

'ಪರ್ಮಿಷನ್ ಡಿನೈಡ್.'

ಮತ್ತೆ!

ಕಿಟಕಿ ಪಕ್ಕದ ಕುರ್ಚಿ ಖಾಲಿ. ಮುತ್ತುರಾಜ್ ಯಾವುದೋ ಶಾಲೆಯ ಹೆಡ್‌ಮಾಸ್ಟರ್ ಜೊತೆ ಫೋನಿನಲ್ಲಿದ್ದ. ಫೋನ್ ಮುಚ್ಚಿ ಹಿಡಿದು ಅವಸರದಲ್ಲಿ ಹೇಳಿದ. "ಅಂಜನ್ ತೆಗ್ದವ್ನೆ ಕಣಮ್ಮಾ. ನೀನು ಕೆಲಸ ಬಿಟ್ಯಂತಲ್ಲ? ಅವ್ನು ಕುಣಿಗಲ್‌ನಾಗೆ ಸ್ಕೂಲ್ ಬಸ್ಸಿಗೆ, ಬಸ್ಸು ಎಲ್ಲೈತೆ ಅಂತ ತೋರ್ಸೋ ಮಷೀನ್ ಹಾಕ್ತಾವ್ನೆ. ಇರು, ಒಂದ್ನಿಮಿಷ ಇರು, ಅವ್ನು ಏನೋ ಹೇಳಿದ್ದ..."

ಆದರೆ ಯಶಸ್ವಿನಿ ಇರಲಿಲ್ಲ. ಬ್ಯಾಗು ಹೆಗಲಿಗೇರಿಸಿ ಅರ್ಧ ಮೆಟ್ಟಿಲು ಇಳಿದಾಗಿತ್ತು.

ಕೆಲಸ ಬಿಟ್ಟೆನಂತೆ! ಮದುವೆ ಅಂದ ಕೂಡಲೇ ಇವಳ ಕಥೆ ಮುಗೀತು ಅಂದ್ಕೊಂಡನಾ? ಎಲ್ಲರ ಹಾಗೆ ಇವನೂ ನನ್ನ ಕೇಳದೆ ತೀರ್ಮಾನ ಮಾಡಿಬಿಟ್ಟನಾ? ಹೆಬ್ಬೂರು ದಾಟುವವರೆಗೂ ಕೋಪ. ಹೆಬ್ಬೂರು ದಾಟಿದ ಮೇಲೆ ಕಣ್ಣೀರು. ಕುಣಿಗಲ್ ಬಂದಾಗ ಮತ್ತೆ ಕೋಪ. ಅದೇ ಒಳ್ಳೆಯದು!

ಶಾಲೆಯ ಮೈದಾನದಲ್ಲಿ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಬಸ್ಸಿನ ಸ್ಟೀರಿಂಗ್ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು. ಆ ಚಪ್ಪಲಿ ಅವಳಿಗೆ ಗೊತ್ತಿತ್ತು.

"ಏಯ್, ಆಚೆ ಬನ್ರೀ!"

ಡಬ್ ಎಂದು ತಲೆ ಬಡಿದ ಸದ್ದು. ಅಂಜನ್ ಹಣೆ ಉಜ್ಜಿಕೊಳ್ಳುತ್ತ ಎದ್ದು ಕುಳಿತ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಅದು ಅವಳ ಕೋಪಕ್ಕೆ ಇನ್ನಷ್ಟು ತುಪ್ಪ ಸುರಿಯಿತು.

"ನಗ್ಬೇಡಿ! ಯಾರ್ ಹೇಳಿದ್ರು ನಿಮಗೆ ನಾನು ಕೆಲಸ ಬಿಟ್ಟೆ ಅಂತ? ನನ್ನ ಹೆಸರು ಅಳಿಸೋಕೆ ಕೈ ಹೆಂಗ್ ಬಂತು?"

ಅವನು ತನ್ನ ಫೋನ್ ತೆಗೆದು ಅವಳ ಮುಂದೆ ಹಿಡಿದ. ಭಾನುವಾರದ ಮೆಸೇಜು. ಅವಳದೇ ನಂಬರು.

'ನಮಸ್ತೆ. ನಾನು ಕೆಲಸ ಬಿಟ್ಟಿದ್ದೇನೆ. ಲ್ಯಾಪ್‌ಟಾಪನ್ನು ನಮ್ಮ ಯಜಮಾನರು ತಂದು ಕೊಡುತ್ತಾರೆ. ದಯವಿಟ್ಟು ಇನ್ನು ಮುಂದೆ ನನಗೆ ಮೆಸೇಜ್ ಮಾಡಬೇಡಿ.'

ಅಂಗಳ... ಆ ನಗು... ನನ್ನ ಫೋನ್‌ನಿಂದ ಕಳಿಸಿ, ನನಗೆ ಕಾಣದ ಹಾಗೆ ಅಳಿಸಿಯೂ ಹಾಕಿದ್ದಾನೆ!

"ಇದು... ಇದು ನಾನ್ ಬರ್ದಿದ್ದಲ್ಲ!"

"ಗೊತ್ತು."

"ಗೊತ್ತಾ?"

"ನೀವು ಯಾವತ್ತಾದ್ರೂ ನನಗೆ ನಮಸ್ತೆ ಅಂದಿದೀರಾ? ದಯವಿಟ್ಟು ಅನ್ನೋ ಪದ ನಿಮ್ಮ ಬಾಯಲ್ಲಿ ಕೇಳೇ ಇಲ್ಲ ನಾನು. ಇನ್ನು 'ನಮ್ಮ ಯಜಮಾನರು'..." ಅವನು ತಲೆಯಾಡಿಸಿದ. "ನಿಮಗೆ ಯಜಮಾನ ಆಗೋ ಧೈರ್ಯ ಯಾರಿಗಿದೆ ರೀ?"

ನಗಬಾರದು ಎಂದುಕೊಂಡರೂ ತುಟಿ ಅಲುಗಿತು. "ಗೊತ್ತಿದ್ದೂ ಯಾಕ್ ತೆಗೆದ್ರಿ?"

"ಗೊತ್ತಿದ್ದಕ್ಕೇ ತೆಗ್ದೆ. ನಿಮ್ಮ ಫೋನ್ ಯಾರದೋ ಕೈಲಿದೆ. ಲ್ಯಾಪ್‌ಟಾಪೂ ಅವರ ಕೈಗೆ ಹೋಗುತ್ತೆ ಅಂತ ಅವರೇ ಬರ್ದವ್ರೆ. ಇನ್ನೊಬ್ಬರ ಕೈಗೆ ಹೋದ ಕೀ ಇಟ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಮಕ್ಕಳ ವಿಷಯ. ಹಳೇ ಬೀಗ ತೆಗ್ದೆ, ಅಷ್ಟೇ. ನಿಮ್ಮ ಹೆಸರು ಅಳಿಸಿಲ್ಲ. ನಿಮ್ಮ ಅಕೌಂಟು, ನಿಮ್ಮ ಫೋಲ್ಡರು, ಅರ್ಧಕ್ಕೆ ಬಿಟ್ಟಿದ್ದ ಕೆಲಸ, ಎಲ್ಲ ಇಟ್ಟಂಗೇ ಇದೆ. ನೀವೇ ಬಂದು ಹೊಸ ಬೀಗ ಕೊಟ್ರೆ ಮುಗೀತು."

"ಒಂದ್ ಮಾತು ಹೇಳೋಕ್ ಏನಾಗಿತ್ತು?"

"ಎಲ್ಲಿ ಹೇಳ್ಲಿ? ನಿಮ್ಮ ಫೋನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದಾರೆ. ಮನೆ ಹತ್ರ ಬಂದ್ರೆ ನಿಮಗೇ ಕಷ್ಟ. ಮುತ್ತುರಾಜ್ ಸರ್‌ಗೆ ಆ ಮೆಸೇಜ್ ಕಳಿಸಿ ಹೇಳಿದ್ದೆ, ಯಶಸ್ವಿನಿ ಬಂದೇ ಬರ್ತಾರೆ, ಸಂಜೆ ನಾನು ಬರೋವರೆಗೂ ಕೂರಿಸ್ಕೊಂಡಿರಿ ಅಂತ."

'ಇರು, ಒಂದ್ನಿಮಿಷ ಇರು' ಎಂದಿದ್ದ ಮುತ್ತಣ್ಣ. ಅವಳೇ ನಿಂತಿರಲಿಲ್ಲ.

ಯಶಸ್ವಿನಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತಳು. ಅಂಗಳದಲ್ಲಿ ನಿಂತವನು ಅವಳ ಹೆಸರಿನಲ್ಲಿ ಮಾತಾಡಿದ್ದ. ಇಲ್ಲಿ ನಿಂತವನು, ಅವಳ ಹೆಸರಿನಲ್ಲೇ ಬಂದ ಮಾತನ್ನೂ ಅವಳದಲ್ಲವೆಂದು ಗುರುತಿಸಿದ್ದ. ಇನ್ನು ಏನು ತಿಳಿಯಬೇಕಿತ್ತು?

"ಆವತ್ತು ಬಸ್‌ಸ್ಟಾಪಲ್ಲಿ ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಬಾಕಿ ಇದೆ" ಎಂದಳು. "ಅದಕ್ಕೂ ಮುಂಚೆ ಒಂದು ಕೆಲಸ ಮುಗಿಸ್ಬೇಕು."

ಫೋನ್ ತೆಗೆದಳು. ಮೊದಲು ಅಂಜನ್‌ನ ನಂಬರಿನ ಬ್ಲಾಕ್ ತೆಗೆದಳು. ಆಮೇಲೆ ಲಕ್ಷ್ಮೀಕಾಂತ್‌ಗೆ ಕರೆ ಮಾಡಿದಳು. ಅಂಜನ್ ಎದ್ದು ದೂರ ಹೋಗಿ, ಮರದ ಕಡೆ ಮುಖ ಮಾಡಿ ನಿಂತ.

"ಹಲೋ, ನಾನು ಯಶಸ್ವಿನಿ. ಗುರುವಾರ ಬರ್ಬೇಡಿ."

"ಏನು? ಯಾಕೆ... ಓ, ಆ ಮೆಸೇಜಾ? ಅದು ನಿಮ್ಮ ಒಳ್ಳೇದಕ್ಕೇ ಕಣ್ರೀ. ನಮ್ಮ ಮಧ್ಯೆ ಮುಚ್ಚುಮರೆ..."

"ಮುಚ್ಚುಮರೆ ಬೇರೆ, ನನ್ನ ಬಾಗಿಲು ಬೇರೆ. ಬಾಗಿಲು ನಾನು ತೆಗೀಬೇಕು. ನೀವು ಒಡ್ಕೊಂಡು ಬರೋದಲ್ಲ."

"ನಿಮ್ಮ ತಂದೆ ಹತ್ರಾನೇ ಮಾತಾಡ್ತೀನಿ ನಾನು!"

"ಮಾತಾಡಿ. ಆದ್ರೆ ಸಂಜೆ ಮಾಡಿ. ಈಗ ಅವರು ಮಧ್ಯಾಹ್ನದ ಟ್ರಿಪ್ ಓಡಿಸ್ತಿರ್ತಾರೆ, ಒಳಗೆ ಚಿಕ್ಕ ಮಕ್ಕಳಿರ್ತಾವೆ."

ಫೋನಿಟ್ಟಳು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಎದೆ ಹಗುರಾಗಿತ್ತು.

ಸಂಜೆ ಗುಬ್ಬಿಯ ಮನೆಯಲ್ಲಿ ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ಒಂದ್ ಫೋನ್ ನೋಡಿದ್ದಕ್ಕೆ ಇಂಥಾ ಸಂಬಂಧ ಬುಟ್ಬುಡೋದಾ? ನಾಳೆ ಬೀದಿಯೋರ್ಗೆ ಏನಂತ ಹೇಳ್ಲೇ?"

"ನನ್ನ ಹೆಸರಲ್ಲಿ ಅವನು ಬರೆದ ಅಂತ ಹೇಳಮ್ಮ. ನಾನೇ ಬೇಡ ಅಂದೆ ಅಂತಾನೂ ಹೇಳು. ಕೇಳ್ದೋರಿಗೆಲ್ಲಾ ಹೇಳು!"

ಅಮ್ಮ ಗಂಡನ ಕಡೆ ತಿರುಗಿದಳು. "ಏನ್ ಸುಮ್ನೆ ಕೂತಿದೀರ? ಹೇಳ್ರೀ ನಿಮ್ ಮಗ್ಳಿಗೆ!"

ದ್ಯಾವಪ್ಪ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ನಿಧಾನವಾಗಿ ಹೆಂಡತಿಗೆ ಹೇಳಿದ. "ಪುಟ್ಟಿ, ಡ್ರೈವರ್ ಆದಾಗ್ನಿಂದ ನನ್ ಸ್ಟೀರಿಂಗ್ ಇನ್ನೊಬ್ಬನ ಕೈಗೆ ಕೊಟ್ಟಿಲ್ಲ ಕಣೇ ನಾನು. ಓನರ್ ಮಗ ಕೇಳಿದ್ರೂ ಕೊಡ್ಲಿಲ್ಲ. ನನ್ ಮಗ್ಳಿಗೆ ಕೊಡು ಅಂತ ಹೆಂಗ್ ಹೇಳ್ಲಿ?" ಆಮೇಲೆ ಮಗಳತ್ತ ನೋಡಿ, "ಮೊದ್ಲು ಆ ಫೋನಿನ ಲಾಕ್ ನಂಬರ್ ಬದ್ಲಾಯ್ಸವ್ವ. ನನಗೂ ಹೇಳ್ಬೇಡ" ಎಂದ.

ಅಪ್ಪನ ಖಾಕಿ ಅಂಗಿಗೆ ಮುಖ ಒತ್ತಿ ಅವಳು ಅತ್ತಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಲೇ ಇದ್ದಳು. ಆದರೆ ರಾತ್ರಿ ಊಟಕ್ಕೆ, ಮಗಳ ಮುದ್ದೆಯ ಮೇಲೆ ತುಪ್ಪ ಎಂದಿಗಿಂತ ಹೆಚ್ಚೇ ಬಿದ್ದಿತ್ತು.

ಮಂಗಳವಾರ. ಶಿರಾ ಗೇಟ್. ಅದೇ ಮೆಟ್ಟಿಲು, ಅದೇ ಕುರ್ಚಿ. ಮುತ್ತುರಾಜ್ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, "ಫ್ಲಾಸ್ಕ್ ಖಾಲಿಯಾಗಿದೆ, ಕಾಫಿ ತರ್ತೀನಿ" ಎಂದು ತುಂಬಿದ ಫ್ಲಾಸ್ಕನ್ನೇ ಹಿಡಿದು ಇಳಿದುಹೋದ.

ಯಶಸ್ವಿನಿ ಹೊಸ ಕೀಗೆ ಕಮಾಂಡ್ ಹೊಡೆದಳು. ಪರದೆ ಪಾಸ್‌ಫ್ರೇಸ್ ಕೇಳಿತು.

"ಮುಖ ತಿರುಗ್ಸಿ."

"ತಿರುಗ್ಸಿದೀನಿ." ಅವನು ಆಗಲೇ ಕಿಟಕಿಯ ಹತ್ತಿರವಿದ್ದ.

ಟೈಪ್ ಮಾಡಿದಳು. ಈ ಸಲ 'ಪಬ್' ಇರುವುದನ್ನೇ ಕಳಿಸಿದಳು. ಅವನು ಕಿಟಕಿಯ ಬಳಿಯಿಂದಲೇ ಕೈಚಾಚಿ, ತನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಅದನ್ನು ಸರ್ವರ್‌ಗೆ ಸೇರಿಸಿ, ಮತ್ತೆ ಲಾರಿಗಳತ್ತ ತಿರುಗಿದ.

"ಏನು ಹಾಕ್ದೆ ಅಂತ ಕೇಳಲ್ವಾ?"

"ಇಲ್ಲ."

"ಯಾವತ್ತೂ?"

"ಮದುವೆಯಾದ್ಮೇಲೂ ಕೇಳಲ್ಲ."

ಹಿಂದಿನಿಂದ ಅವನ ಕಿವಿ ಕೆಂಪಗಾಗುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಯಾರ ಮದುವೆ?"

"ಅದು... ಆವತ್ತೇ ಹೇಳ್ಬೇಕಿತ್ತು. ಮೊದ್ಲು ನಿಮ್ಮ ಇಷ್ಟ ತಿಳ್ಕೊಂಡು ಆಮೇಲೆ ನಂದು ಹೇಳೋಣ ಅಂತ... ನೀವು ಬಸ್ ಹತ್ಬಿಟ್ರಿ. ನನಗೆ ನೀವಂದ್ರೆ ಇಷ್ಟ, ಯಶಸ್ವಿನಿ. ಬೈಗುಳ ಸಮೇತ."

ಅವಳು ಎಂಟರ್ ಒತ್ತಿದಳು. ಸರ್ವರ್ ಏನೂ ತಕರಾರು ಮಾಡದೆ ಬಾಗಿಲು ತೆರೆಯಿತು. ಅವಳ ಫೋಲ್ಡರು, ಅರ್ಧಕ್ಕೆ ಬಿಟ್ಟಿದ್ದ ಕೆಲಸ, ಎಲ್ಲ ಇಟ್ಟಂತೆಯೇ ಇತ್ತು.

"ಅಂಜನ್" ಎಂದಳು. ಮೊದಲ ಸಲ, 'ರೀ' ಇಲ್ಲದೆ.

"ಹೂಂ... ಟೈಪ್ ಮಾಡಿ ಆಯ್ತಾ?"

"ಆಯ್ತು. ಈಗ ಈ ಕಡೆ ನೋಡು."